ಪೂಜೆಗಿಟ್ಟ ಹಾರ್ಡ್ ಡಿಸ್ಕ್

ಆಯುಧಪೂಜೆಯ ಮರುದಿನ ಮಧ್ಯಾಹ್ನ ಚಾಮರಾಜಪೇಟೆಯ ಫೋಟೊ ಸ್ಟುಡಿಯೊ ಯಜಮಾನರು ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಶಂಕರಪುರದ ನಮ್ಮ ಮನೆಗೆ ಬಂದರು. ಅದರ ನೆತ್ತಿಯ ಮೇಲೆ ವಿಭೂತಿಯ ಪಟ್ಟೆಗಳು ಹಾಗೇ ಇದ್ದವು. ನನ್ನ ಮದುವೆಯ ಫೋಟೊ ತೆಗೆದವರು ಅವರೇ. ಅನುಮಾನದ ಫೈಲುಗಳನ್ನು ಪರೀಕ್ಷಿಸುವುದು ನನ್ನ ಕೆಲಸವೆಂದು ಅವರಿಗೆ ಗೊತ್ತಿತ್ತು.

ಪೂಜೆಯ ದಿನ ಯಾರೋ ಮೇಲ್‌ನಲ್ಲಿ ಲಗ್ನಪತ್ರಿಕೆ ಕಳಿಸಿದ್ದರಂತೆ. ಹೊಸ ಆರ್ಡರ್, ಶುಭವೆಂದು ಇವರು ತೆರೆದರು. ಸ್ವಲ್ಪ ಹೊತ್ತಿಗೆ ಎಲ್ಲ ಫೈಲುಗಳಿಗೂ ಬೀಗ ಬಿದ್ದು, ಹಣ ಕೇಳುವ ಬೆದರಿಕೆ ಬಂತು. ರ್‍ಯಾನ್ಸಮ್‌ವೇರ್.

"ಶ್ರಾವಣದಲ್ಲಿ ಒಂದು ಮದುವೆ ಮಾಡಿದ್ದೆ ಕಣಮ್ಮ. ಹುಡುಗಿ ತಂದೆ ಮೊನ್ನೆ ಹೋಗ್ಬಿಟ್ರು. ವೀಡಿಯೊ ಇನ್ನೂ ಕೊಟ್ಟಿಲ್ಲ. ಕ್ಯಾಮೆರಾ ಕಾರ್ಡೂ ಅಳಿಸ್ಬಿಟ್ಟಿದೀನಿ."

"ಬ್ಯಾಕಪ್ ಡಿಸ್ಕ್ ಬೀರುನಲ್ಲಿದೆ ತಾನೆ?"

ಅವರು ನೆಲ ನೋಡಿದರು. "ಪೂಜೆಗೆ ಅಂತ ತೆಗೆದು ಕಂಪ್ಯೂಟರ್‌ಗೆ ಸಿಕ್ಕಿಸಿದ್ವಿ. ಮಂಗಳಾರತಿ ಹೊತ್ತಿಗೆ ಅದರ ಲೈಟೂ ಉರೀಲಿ ಅಂತ."

ನನಗೆ ಮೈಯೆಲ್ಲ ಉರಿಯಿತು. ವರ್ಷವಿಡೀ ಭದ್ರವಾಗಿದ್ದುದನ್ನು ಕಳ್ಳ ಬರುವ ದಿನವೇ ಹೂವಿಟ್ಟು ಹೊರಗೆ ಕೂರಿಸಿದ್ದರು! ಹಿರಿಯರೆಂದು ಬೈಯದೆ, ಅವರು ತಂದಿದ್ದ ಆ ಡಿಸ್ಕನ್ನೂ ಇಸಿದುಕೊಂಡೆ.

ಆ ರ್‍ಯಾನ್ಸಮ್‌ವೇರ್ ಫೈಲುಗಳನ್ನು ಹೇಗೆ ಕೆಡಿಸುತ್ತದೆಂದು ಕಂಡರೆ, ಏನಾದರೂ ಉಳಿದಿದೆಯೇ ಎಂದು ಹೇಳಬಹುದಿತ್ತು. ಇಂಟರ್ನೆಟ್ ಇಲ್ಲದ ನನ್ನ ಪರೀಕ್ಷೆಯ ಕಂಪ್ಯೂಟರಿನಲ್ಲಿ ಲಾಲ್‌ಬಾಗಿನ ಹೂವಿನ ಫೋಟೊಗಳನ್ನೂ ಒಂದು ದೊಡ್ಡ ವೀಡಿಯೊವನ್ನೂ ಇಟ್ಟು, ಆ ಪತ್ರಿಕೆ ತೆರೆದೆ. ಏನೂ ಆಗಲಿಲ್ಲ. ಇಂಥವು ಬಲು ಕಿಲಾಡಿ. ಯಾರೋ ಪರೀಕ್ಷಿಸುತ್ತಿದ್ದಾರೆಂಬ ಅನುಮಾನ ಬಂದರೆ ಸುಮ್ಮನೆ ಬಿದ್ದಿರುತ್ತವೆ. ಮಾಮೂಲಿ ಕೆಲಸ ಮಾಡುವವಳಂತೆ ಮೌಸ್ ಆಡಿಸುತ್ತ, ಫೋಟೊ ತೆರೆದು ಮುಚ್ಚುತ್ತ ಕೂತೆ. ಕಂಪ್ಯೂಟರಿನ ಫ್ಯಾನ್ ಜೋರಾಯಿತು. ಒಂದು ಗುಲಾಬಿ ಫೋಟೊದ ಫೈಲಿನ ಹೆಸರು ಬದಲಾಯಿತು. ಆಮೇಲೆ ಸಾಲಾಗಿ ಎಲ್ಲವೂ.

"ಅವು ನಮ್ದಾ?" ಯಜಮಾನರು ಗಾಬರಿಯಿಂದ ಎದ್ದರು.

"ಅಲ್ಲ ಸಾರ್, ನಂದು. ಕೂತ್ಕೊಳ್ಳಿ."

ದೊಡ್ಡ ವೀಡಿಯೊದ ಸರದಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಅಷ್ಟು ಬೇಗ ಹೇಗೆ? ಫೈಲನ್ನು ಬಿಡಿಸಿ ನೋಡಿದೆ. ಅವಸರಕ್ಕೆ ಬಿದ್ದು ಮುಂಭಾಗವನ್ನಷ್ಟೇ ಕೆಡಿಸಿ ಓಡಿತ್ತು, ಉಳಿದದ್ದು ಹಾಗೇ ಇತ್ತು. ಮದುವೆಯ ವೀಡಿಯೊವೂ ದೊಡ್ಡದೇ, ಅದರಲ್ಲೂ ಹೆಚ್ಚಿನ ಭಾಗ ಉಳಿದಿರಬೇಕು.

ಅವರ ಬ್ಯಾಕಪ್ ಡಿಸ್ಕಿನ ನಕಲು ತೆಗೆದೆ. ಅದೇ ಕ್ಯಾಮೆರಾದ ಬೇರೊಂದು ವೀಡಿಯೊವನ್ನು ಮಾದರಿಯಾಗಿಟ್ಟುಕೊಂಡು, ಮದುವೆಯ ವೀಡಿಯೊದಲ್ಲಿ ಉಳಿದಿದ್ದನ್ನು ಜೋಡಿಸಿದೆ. ಬರೀ ಹಸಿರು ಪಟ್ಟೆಗಳು ಬಂದವು. ಮತ್ತೆ ಜೋಡಿಸಿದೆ, ಮತ್ತೆ ಪಟ್ಟೆ. ಸಂಜೆಯ ಹೊತ್ತಿಗೆ ಛತ್ರದ ಊಟದ ಮನೆಯ ಬಾಗಿಲಲ್ಲಿ ರೇಷ್ಮೆ ಪಂಚೆ ಉಟ್ಟ ಒಬ್ಬರು ಕಾಣಿಸಿದರು.

"ಇವ್ರೇ!" ಎಂದ ಯಜಮಾನರು ತಕ್ಷಣ ಹುಡುಗಿಗೆ ಫೋನ್ ಮಾಡಿದರು.

"ಅಪ್ಪ ಮಾತಾಡ್ತಾರಾ ಅಂಕಲ್?" ಅವಳು ಕೇಳಿದ್ದು ಅದೊಂದೇ.

ವಾಲ್ಯೂಮ್ ಹೆಚ್ಚಿಸಿ, ಫೋನನ್ನು ಸ್ಪೀಕರಿನ ಹತ್ತಿರ ಹಿಡಿದೆ.

"ಸಾಕು ಬನ್ರೀ, ಫೋಟೊ ಆಮೇಲೆ ತೆಗೀಬಹುದು. ಪಾಯಸ ಆರೋಗುತ್ತೆ" ಎಂದಿತು ಅವಳ ತಂದೆಯ ಗಟ್ಟಿ ದನಿ.

ನಾನು ವೀಡಿಯೊ ನಿಲ್ಲಿಸಿದೆ.

"ಇನ್ನೊಂದ್ಸಲ ಹಾಕಿ" ಎಂದಳು.