ಎಣಿಸಬಾರದ ಹಾಡಿಗೆ ಅಡಿಟಿಪ್ಪಣಿ

ನನ್ನ ಪಿಎಚ್‌ಡಿ ಮಾರ್ಗದರ್ಶಕಿಯ ಎದುರು "ಶಾಸ್ತ್ರದಲ್ಲಿ ಹೇಳಿದೆ" ಎಂದು ಬರೆದು ಬಚಾವಾದವರನ್ನು ನಾನು ಕಂಡಿಲ್ಲ. ಯಾವ ಗ್ರಂಥ, ಯಾವ ಅಧ್ಯಾಯ, ಎಷ್ಟನೇ ಶ್ಲೋಕ, ಯಾರ ಅನುವಾದ, ಇಷ್ಟಕ್ಕೂ ಉತ್ತರ ಕೊಟ್ಟ ಮೇಲೆ "ನೀನೇ ತೆಗ್ದು ಓದಿದ್ಯಾ, ಇಲ್ಲ ಯಾರೋ ಬರ್ದಿದ್ದನ್ನ ಎತ್ಕಂಡ್ಯಾ?" ಎಂಬ ಕೊನೆಯ ಪ್ರಶ್ನೆ ಕಾದಿರುತ್ತಿತ್ತು. ಹೊಸದುರ್ಗದ ವಿದ್ಯಾರ್ಥಿಯೊಬ್ಬ ಗೋಡೆ ಕ್ಯಾಲೆಂಡರಿನ ಕೆಳಗೆ ಅಚ್ಚಾಗಿದ್ದ ಸೂಕ್ತಿಯನ್ನು ವೇದವಾಕ್ಯವೆಂದು ಪ್ರಬಂಧಕ್ಕೆ ಸೇರಿಸಿದ್ದ. ಮೇಡಂ ಬೈಯಲಿಲ್ಲ. "ಯಾವ ತಿಂಗ್ಳ ಹಾಳೆಯಪ್ಪ? ಅದನ್ನಾದ್ರೂ ಬರಿ" ಎಂದರು. ಅವನು ಆ ವಾರವೆಲ್ಲ ಗ್ರಂಥಾಲಯದಲ್ಲೇ ಬಿದ್ದುಕೊಂಡಿದ್ದ.

ಮೇಡಂ ಚಿತ್ರದುರ್ಗದ ಹಳೆಯ ಮುಸ್ಲಿಂ ಮನೆತನದವರು. ಕೋಟೆಯ ಕೆಳಗಿನ ಬೀದಿಯಲ್ಲಿ ತಲೆತಲಾಂತರದಿಂದ ಅವರದು ಬಟ್ಟೆ ವ್ಯಾಪಾರ. ಯಾವ ಧರ್ಮದ ಗ್ರಂಥವೇ ಆಗಲಿ, ಕೈ ತೊಳೆಯದೆ ಮುಟ್ಟುತ್ತಿರಲಿಲ್ಲ. ನಾನು ಹೊಳಲ್ಕೆರೆಯ ಕಾಲೇಜಿನಲ್ಲಿ ಪಾಠ ಮುಗಿಸಿ, ಬಸ್ಸಿನಲ್ಲಿ ತೂಕಡಿಸುತ್ತ ಬಂದು, ಚಹಾ ಕುಡಿದ ಕೈಯಲ್ಲೇ ಪುಸ್ತಕ ಎಳೆದರೆ ಕಣ್ಣಲ್ಲೇ ಗದರುತ್ತಿದ್ದರು. ನನಗೆ ಅವರನ್ನು ಕಂಡರೆ ಭಯ, ಅದಕ್ಕಿಂತ ಹೆಚ್ಚು ಪ್ರೀತಿ.

ನನ್ನ ಸಂಶೋಧನೆಯ ವಿಷಯ ನಮ್ಮ ಕುಲದೇವರ ಹಾಡು. ನಾವು ಹಿರಿಯೂರು ತಾಲ್ಲೂಕಿನ ಯಲ್ಲದಕೆರೆ ಕಡೆಯ ಕುರಿ ಕಾಯುವ ಮಂದಿ. ನಮಗೆ ಅಚ್ಚಾದ ಧರ್ಮಗ್ರಂಥವಿಲ್ಲ, ಹಾಡೇ ಗ್ರಂಥ. ಅದನ್ನು ಪೂರ್ತಿ ಬಲ್ಲವರು ನನ್ನ ದೊಡ್ಡಪ್ಪ. ಹಾಡನ್ನು ಧ್ವನಿಮುದ್ರಿಸಿಕೊಳ್ಳಲು ಒಪ್ಪಿದಾಗ ಅವರು ಹಾಕಿದ್ದು ಒಂದೇ ಕರಾರು. "ಬರ್ಕಳವ್ವ, ಬ್ಯಾಡ ಅನ್ನಲ್ಲ. ಆದ್ರೆ ಎಣಿಕೆ ಹಾಕ್ಬ್ಯಾಡ."

ನಮ್ಮಲ್ಲಿ ಕುರಿಯನ್ನು ಬಾಯಿಬಿಟ್ಟು ಎಣಿಸುವುದಿಲ್ಲ. ಎಣಿಸಿದರೆ ದೃಷ್ಟಿ ತಾಕಿ ಮಂದೆ ಕರಗುತ್ತದೆ ಎಂಬ ನಂಬಿಕೆ. ಸಂಜೆ ಕುರಿಗಳು ರೊಪ್ಪಕ್ಕೆ, ಅಂದರೆ ಮುಳ್ಳುಬೇಲಿಯ ದೊಡ್ಡಿಗೆ, ನುಗ್ಗುವಾಗ ದೊಡ್ಡಪ್ಪ ಬಾಗಿಲಲ್ಲಿ ನಿಂತು ಸುಮ್ಮನೆ ನೋಡುತ್ತಾರೆ. ಒಂದು ಮರಿ ತಪ್ಪಿದ್ದರೂ ಗೊತ್ತಾಗುತ್ತದೆ. ದೇವರ ಹಾಡಿಗೂ ಅದೇ ಕಟ್ಟಳೆ. ಸಾಲಿಗೊಂದು ಅಂಕಿ ಹಾಕಿದರೆ ಹಾಡು ಸವೆದುಹೋಗುತ್ತದಂತೆ. ನಾನು ಇದನ್ನು ನಂಬುತ್ತೇನೋ ಇಲ್ಲವೋ, ದೊಡ್ಡಪ್ಪನಿಗೆ ಮಾತು ಕೊಟ್ಟಿದ್ದೆ.

ಮೊದಲ ಅಧ್ಯಾಯ ಮೇಡಂ ಕೈಯಿಂದ ಕೆಂಪು ಶಾಯಿಯಲ್ಲಿ ಮಿಂದು ವಾಪಸು ಬಂತು. ಹಾಡಿನ ಪ್ರತಿ ಉಲ್ಲೇಖದ ಪಕ್ಕದಲ್ಲೂ ಒಂದೇ ಷರಾ: "ಸಾಲಿನ ಸಂಖ್ಯೆ?" ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಸೀದಾ ಅವರ ಕೊಠಡಿಗೆ ನುಗ್ಗಿದೆ.

"ನಂಬರ್ ಹಾಕಿದ್ರೆ ದೊಡ್ಡಪ್ಪ ಹಾಡನ್ನೇ ಕೊಡಲ್ಲ ಅಂತಾರೆ. ಹಾಡಿಲ್ದೆ ನನ್ನ ಥೀಸಿಸ್‌ನಾಗೆ ಏನೈತೆ ಮೇಡಂ, ಮಣ್ಣು?"

ಹಾಕದಿದ್ದರೆ ಪರೀಕ್ಷಕರು ತಿರಸ್ಕರಿಸುತ್ತಾರೆ ಎಂಬುದೂ ನನಗೆ ಗೊತ್ತಿತ್ತು. ಅತ್ತ ದರಿ, ಇತ್ತ ಪುಲಿ. ವರ್ಷಗಟ್ಟಲೆ ಮಾಡಿದ ಕೆಲಸ ನಡುವೆ ಸಿಕ್ಕಿಕೊಂಡಿತ್ತು.

ಮೇಡಂ ಕನ್ನಡಕ ತೆಗೆದಿಟ್ಟರು. "ನಿಮ್ಮ ಹಾಡು ಧರ್ಮಗ್ರಂಥ ಅಂತ ಬರ್ದಿದೀಯ. ಹೌದೋ ಅಲ್ವೋ?"

"ಹೌದು."

"ಹಂಗಾದ್ರೆ ನಮ್ಮ ಗ್ರಂಥಕ್ಕೆ ಎಷ್ಟು ಮರ್ಯಾದೆ ಕೊಡ್ತೀನೋ ಅದಕ್ಕೂ ಅಷ್ಟೇ ಕೊಡ್ತೀನಿ. ಓದಿದೋರು ಹುಡುಕ್ಕಂಡು ಹೋದ್ರೆ ಆ ಜಾಗ ಸಿಗ್ಬೇಕು. ಸಿಗ್ದಿದ್ರೆ ಅದು ಗಾಳಿಮಾತು."

ಅಷ್ಟು ಕೋಪದಲ್ಲೂ ನನಗೆ ಖುಷಿಯಾಯಿತು. ಉಳಿದ ವಿದ್ವಾಂಸರು ನಮ್ಮ ಹಾಡನ್ನು "ಚೆಂದದ ಜಾನಪದ" ಎಂದು ಬೆನ್ನು ತಟ್ಟಿ ಕಳಿಸಿದ್ದರು. ಗ್ರಂಥಗಳ ಸಾಲಿನಲ್ಲಿ ಕೂರಿಸಿ ಅದೇ ಕಟ್ಟುನಿಟ್ಟು ಮಾಡಿದವರು ಇವರೊಬ್ಬರೇ. ಜಗಳ ಅಲ್ಲಿಗೆ ನಿಂತಿತು. "ನಡಿ, ನಿಮ್ಮೂರಿಗೆ ಹೋಗಾಣ" ಎಂದರು.

ಮಂಡಿನೋವಿದ್ದರೂ ಮೇಡಂ ಹಿರಿಯೂರಿನಲ್ಲಿ ಬಸ್ಸು ಬದಲಿಸಿ, ಆಟೊದಲ್ಲಿ ಕುಲುಕಾಡಿ ನಮ್ಮ ಹಟ್ಟಿಗೆ ಬಂದರು. ದೊಡ್ಡಪ್ಪ ಕಂಬಳಿ ಹಾಸಿ "ಬರ್ರಿ, ಕುಂತ್ಕಳ್ರಿ" ಎಂದರು. ಎಣಿಕೆಯ ವಿಷಯಕ್ಕೆ ಮೇಡಂ ಬಾಯಿ ಹಾಕಲೇ ಇಲ್ಲ. ಮಧ್ಯಾಹ್ನದವರೆಗೆ ಹಾಡು ಕೇಳಿದರು. ಆಮೇಲೆ ಒಂದು ಪ್ರಶ್ನೆ ಕೇಳಿದರು: ಹಾಡುತ್ತ ಒಬ್ಬರಿಗೆ ಗಂಟಲು ಕಟ್ಟಿದರೆ, ಎಲ್ಲಿಂದ ಎತ್ತಿಕೊಳ್ಳಬೇಕೆಂದು ಇನ್ನೊಬ್ಬರಿಗೆ ಹೇಗೆ ತಿಳಿಸುತ್ತೀರಿ?

"ಮೊದ್ಲ ಮಾತು ಅಂದ್ರೆ ಸಾಕು ಕಣ್ರವ್ವ. ‘ಕೆರೆಗಿಳಿದ ಕರಿಟಗರು’ ಅಂದ್ರೆ ಅವ್ನು ಅಲ್ಲಿಂದ ಎತ್ಕಂತಾನೆ."

"ಅದೇ ಮಾತು ಇನ್ನೊಂದು ಕಡೆನೂ ಬಂದ್ರೆ?"

"ಅದ್ರ ಹಿಂದಿನ ಮಾತೂ ಸೇರಿಸಿ ಅಂತೀವಿ."

"ಅದೂ ಎರಡು ಕಡೆ ಇದ್ರೆ?"

ದೊಡ್ಡಪ್ಪ ನನ್ನ ಕಡೆ ತಿರುಗಿದರು. "ಏನವ್ವ, ಇವ್ರು ಪೊಲೀಸ್ನೋರಾ?"

ಮೇಡಂ ಕಂಬಳಿಯ ಮೇಲೆ ಬಿದ್ದು ಬಿದ್ದು ನಕ್ಕರು. ತಮ್ಮ ಅಜ್ಜನೂ ಹಾಗೆಯೇ, ಗ್ರಂಥದ ಅಧ್ಯಾಯಗಳನ್ನು ಹೆಸರಿನಿಂದಲೇ ಕರೆಯುತ್ತಿದ್ದರು, ಸಂಖ್ಯೆ ಹೇಳಿದ್ದನ್ನು ತಾವು ಕೇಳಿಯೇ ಇಲ್ಲ ಎಂದರು. ವಾಪಸು ಬರುವ ಬಸ್ಸಿನಲ್ಲಿ ನಮ್ಮ ಹಾಡಿಗೊಂದು ಪದ್ಧತಿ ಸಿದ್ಧವಾಯಿತು. ಭಾಗದ ಮೊದಲ ಮಾತು, ಉಲ್ಲೇಖಿಸಿದ ಸಾಲಿನ ಮೊದಲ ಮಾತು, ಹಾಡಿದವರು, ಊರು, ಧ್ವನಿಮುದ್ರಿಸಿಕೊಂಡ ದಿನ. ಎಲ್ಲೂ ಸಾಲಿನ ಅಂಕಿಯಿಲ್ಲ, ಅಡಿಟಿಪ್ಪಣಿಗೂ ಅಂಕಿಯ ಬದಲು ಚುಕ್ಕಿ ಗುರುತು.

ಅಲ್ಲಿಂದ ಮುಂದೆ ಅವರು ಮಾಡಿದ್ದನ್ನು ನೆನೆದರೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಂದೊಂದು ಅಡಿಟಿಪ್ಪಣಿಯನ್ನೂ ಹಾಡಿನೊಂದಿಗೆ ತಾಳೆ ನೋಡಿದರು. ನಾನು ಸಾಲಿನ ಮೊದಲ ಮಾತು ಬಿಟ್ಟು ಎರಡನೆಯದರಿಂದ ಶುರುಮಾಡಿದ್ದ ಕಡೆ ಮತ್ತೆ ಕೆಂಪು ಗೆರೆ ಬಿತ್ತು. ಅಂಕಿ ಇಲ್ಲವೆಂದು ಶಿಸ್ತು ಕಡಿಮೆಯಾದರೆ ನಡೆಯುವುದಿಲ್ಲ ಎಂದರು.

ಮೌಖಿಕ ಪರೀಕ್ಷೆಯ ದಿನ ದೊಡ್ಡಪ್ಪ ಹೊಸ ಪಂಚೆ ಉಟ್ಟು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಸಾಲಿನ ಸಂಖ್ಯೆ ಇಲ್ಲದ್ದಕ್ಕೆ ಪರೀಕ್ಷಕರು ಹುಬ್ಬು ಗಂಟಿಕ್ಕಿದರು. ಮೇಡಂ ವಾದ ಮಾಡಲಿಲ್ಲ. ಮೊದಲ ಮಾತುಗಳ ಪ್ರಕಾರ ಜೋಡಿಸಿದ ಧ್ವನಿಮುದ್ರಣವನ್ನು ಮುಂದಿಟ್ಟು, ಬೇಕಾದ ಅಡಿಟಿಪ್ಪಣಿ ಆರಿಸಿ ಹುಡುಕಿ ನೋಡಿ ಎಂದರು. ಅವರು ಹುಡುಕಿದರು, ಸಾಲು ಸಿಕ್ಕಿತು. ಇನ್ನೊಂದನ್ನು ಹುಡುಕಿದರು, ಅದೂ ಸಿಕ್ಕಿತು. ಪದವಿಗೆ ಶಿಫಾರಸು ಮಾಡುವುದಾಗಿ ಹೇಳಿದರು.

ಎಲ್ಲ ಮುಗಿದ ಮೇಲೆ ದೊಡ್ಡಪ್ಪ ಮುಂದೆ ಬಂದು ಪ್ರಬಂಧವನ್ನು ಕೈಗೆತ್ತಿಕೊಂಡರು. ಅವರಿಗೆ ಅಕ್ಷರ ಬಾರದು. ಬಸ್ಸಿನ ನಂಬರು ನೋಡಿ ನೋಡಿ ಅಂಕಿ ಮಾತ್ರ ಬರುತ್ತದೆ. ಹಾಡು ಅಚ್ಚಾಗಿದ್ದ ಹಾಳೆಯನ್ನು ನಾನೇ ತೆಗೆದು ತೋರಿಸಿದೆ. ಅವರ ಬೆರಳು ಕೆಳಗಿಳಿದು ಪುಟದ ತುದಿಯಲ್ಲಿ ನಿಂತಿತು.

"ಇದೇನವ್ವ? ಎಣಿಸ್ಬಿಟ್ಟೀಯಲ್ಲ!"

ಪುಟಸಂಖ್ಯೆ! ಅದು ನನಗೂ ಮೇಡಂಗೂ ಹೊಳೆದಿರಲಿಲ್ಲ. ಕೊಟ್ಟ ಮಾತು ತಪ್ಪಿತೆಂದು ದೊಡ್ಡಪ್ಪ ಅಂದರೆ, ಬಂದ ಪದವಿಯನ್ನು ಇಟ್ಟುಕೊಂಡು ನಾನು ಯಾವ ಮುಖ ಹೊತ್ತು ಹಟ್ಟಿಗೆ ಹೋಗಲಿ?

ದೊಡ್ಡಪ್ಪ ಹಾಳೆ ಮಗುಚಿದರು. ಇನ್ನೊಂದು ಮಗುಚಿದರು. "ಹಾಳೆಗೆ ಒಂದೊಂದೇ? ಹಾಡು ಎಷ್ಟಿದ್ರೂ?"

"ಹೌದ್ರಿ ಯಜಮಾನ್ರೆ" ಎಂದರು ಮೇಡಂ, ಮೆಲ್ಲಗೆ.

ದೊಡ್ಡಪ್ಪ ಪುಸ್ತಕ ಮುಚ್ಚಿ ಕಣ್ಣಿಗೊತ್ತಿಕೊಂಡರು. "ರೊಪ್ಪದ ಗೂಟ ಎಣಿಸಿದ್ರೆ ಕುರಿ ಎಣಿಸಿದಂಗಾಗಲ್ಲ, ಬಿಡು."

ನನಗೆ ಉಸಿರು ಬರುವ ಮೊದಲೇ ಮೇಡಂ ಪೆನ್ನು ತೆಗೆದಾಗಿತ್ತು.

"ಯಜಮಾನ್ರೆ, ಈ ಮಾತು ನಿಮ್ದಾ, ಹಾಡಿಂದಾ?"

"ನಂದೇ ಕಣ್ರವ್ವ, ಈಗ ಬಂತು."

ಮೇಡಂ ದೊಡ್ಡಪ್ಪನ ಹೆಸರು, ಊರು, ಆ ದಿನದ ತಾರೀಕು ಹಾಕಿ ಮಾತನ್ನು ಬರೆದುಕೊಂಡರು. ಬರೆದದ್ದು ಸರಿಯಿದೆಯೇ ಎಂದು ಅವರಿಗೇ ಓದಿ ಹೇಳಿದರು. ನಾನು ಅಲ್ಲೇ ಬೆಂಚಿನ ಮೇಲೆ ಕುಳಿತು ಅತ್ತುಬಿಟ್ಟೆ.