ಚಪ್ಪಲಿ ಕಾಯುವ ಹುಡುಗಿಯ ರಾಜೀನಾಮೆ

ಮೊನ್ನೆ ನಮ್ಮ ಮನೆಯಲ್ಲಿ ಒಂದು ರಾಜೀನಾಮೆ ಬಂತು. ಕೊಟ್ಟವಳು ದೊಡ್ಡ ಮಗಳು ಸಹನಾ, ವಯಸ್ಸು ಹದಿನಾಲ್ಕು. ಯಾವ ಹುದ್ದೆಗೆ? ನಮ್ಮ ಜೊತೆ ಊರು ಸುತ್ತುವ ಹುದ್ದೆಗೆ.

ಭಾನುವಾರ ಬಾದಾಮಿ ಗುಡ್ಡ ಹತ್ತೋಣವೆಂದು ನಾನು ಬಾಯಿ ತೆರೆದಿದ್ದೆ, ಅಷ್ಟೇ. “ಇದೊಂದ ಸಲ ಬರ್ತೇನಿ. ಇನ್ನ ಮ್ಯಾಲೆ ನಿಮ್ ಕೂಡ ಎಲ್ಲೂ ಬರಂಗಿಲ್ಲ,” ಎಂದಳು.

“ಯಾಕವಾ?”

“ಎಲ್ಲೆ ಹೋದ್ರೂ ನಂದು ಒಂದ ಕೆಲಸ. ಚಪ್ಪಲ್ ಕಾಯೂದು, ಬ್ಯಾಗ್ ಕಾಯೂದು, ಚಿನ್ನಿನ್ನ ಕಾಯೂದು. ಅದಕ್ಕ ನಾ ಯಾಕ ಬೇಕು? ಒಬ್ಬ ವಾಚ್‌ಮನ್ ಇಟ್ಕೋರಿ.”

ಹುಡುಗಿ ಸುಳ್ಳೇನೂ ಹೇಳಲಿಲ್ಲ. ಕೂಡಲಸಂಗಮಕ್ಕೆ ಹೋದಾಗ ನಾವೆಲ್ಲ ನೀರಿಗಿಳಿದರೆ ಮೆಟ್ಟಿಲ ಮೇಲೆ ಚಪ್ಪಲಿ ರಾಶಿಯ ಪಕ್ಕ ಕೂತವಳು ಅವಳೇ. ಆದರೂ ನನಗೆ ಎದೆ ಧಸಕ್ಕೆಂದಿತು. ಹದಿನಾಲ್ಕಕ್ಕೇ ಇವಳು ಕೈಬಿಟ್ಟು ಹೋದರೆ ಮುಂದೆ ಕರೆದರೂ ಬರುತ್ತಾಳೆಯೇ? ಹೆತ್ತವರೇ, ನಿಮಗೆ ಗೊತ್ತಲ್ಲ, ಈ ವಯಸ್ಸಿನ ಮಕ್ಕಳು ರೂಮಿನ ಬಾಗಿಲು ಹಾಕಿಕೊಂಡರೆ ಊಟಕ್ಕೆ ಮಾತ್ರ ತೆರೆಯುತ್ತಾರೆ.

ಸಮಸ್ಯೆ ಇರುವುದು ಲೆಕ್ಕಾಚಾರದಲ್ಲಿ. ನಮಗೆ ಮೂವರು. ಸಹನಾಗೆ ಹದಿನಾಲ್ಕು, ಪಜ್ಜುಗೆ ಒಂಬತ್ತು, ಚಿನ್ನಿಗೆ ನಾಲ್ಕು. (ಪಂಚವಾರ್ಷಿಕ ಯೋಜನೆ ಎಂದು ನಾದಿನಿ ಈಗಲೂ ಚುಡಾಯಿಸುತ್ತಾಳೆ.) ಈ ಮೂವರಿಗೂ ಹಿಡಿಸುವ ಒಂದೇ ಗುಡ್ಡದ ದಾರಿ ಎಲ್ಲಿದೆ?

ನಮ್ಮ ಮನೆಯವರು ಮೊಬೈಲ್ ತೆಗೆದರು. ಬಾಗಲಕೋಟೆಯಲ್ಲಿ ತರಕಾರಿ ಕೊಳ್ಳುವ ಮುಂಚೆಯೂ ರಿವ್ಯೂ ಓದುವ ಮನುಷ್ಯ ಅವರು. “ಇದು ನೋಡು, ಕಿಡ್ಸ್ ಫ್ರೆಂಡ್ಲಿ ಅಂತ ಐತಿ.” ಯಾವ ಕಿಡ್ಡು ಸ್ವಾಮಿ? ಕೆರೆಯ ದಂಡೆ ಹಿಡಿದು ಭೂತನಾಥ ಗುಡಿಯವರೆಗೆ ಹೋದರೆ ಚಿನ್ನಿಗೆ ಸರಿ, ಸಹನಾ ಆಕಳಿಸುತ್ತಾಳೆ. ಗುಹೆಗಳ ಮೆಟ್ಟಿಲು ಹತ್ತಿದರೆ ಪಜ್ಜುಗೆ ಮಂಗಗಳ ಸ್ನೇಹ ಸಿಗುತ್ತದೆ, ಉಳಿದವರ ಕೈಚೀಲಕ್ಕೆ ಗ್ಯಾರಂಟಿ ಇಲ್ಲ. ಸಹನಾ ಕೇಳಿದ್ದು ಬೇರೆಯೇ. ಗುಡ್ಡದ ಮೇಲಿಂದ ಮಹಾಕೂಟಕ್ಕೆ ಹೋಗುವ ಹಳೆಯ ಕಾಲುದಾರಿ.

“ಅಲ್ಲಿಗೆ? ಚಿನ್ನಿನ್ನ ಹೊತಗೊಂಡ? ನನ್ನ ನಡಾ ಮುರೀಬೇಕಂತೀ ಏನು?” ಎಂದರು ಇವರು. ಸಹನಾ ಎದ್ದು ರೂಮಿಗೆ ಹೋದಳು. ಬಾಗಿಲು ಹಾಕಿದ ಸದ್ದು ಬಂತು.

ಆಗ ಬಾಯಿ ಬಿಟ್ಟವರು ಇಳಕಲ್ಲಿನಿಂದ ಬಂದು ಕೂತಿದ್ದ ನಮ್ಮ ಅತ್ತೆ. ಮೊಣಕಾಲು ಗಟ್ಟಿ ಇದ್ದ ಕಾಲದಲ್ಲಿ ಊರ ಮಂದಿಯ ಜೊತೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗಿ ಬಂದವರು. ಆ ಯಾತ್ರೆಯಲ್ಲಿ ಎಲ್ಲರ ಮುಂದೆ ಮಲ್ಲಯ್ಯನ ಕಂಬಿ ಇರುತ್ತದೆ. ಹೆಗಲ ಮೇಲೆ ಹೊರುವ, ಸಿಂಗರಿಸಿದ ಕೋಲು. ಅವರ ಗುಂಪಿನಲ್ಲಿ ಒಂದೇ ಕಟ್ಟಳೆ. ಎಷ್ಟೇ ಕಸುವಿದ್ದರೂ ಕಂಬಿ ದಾಟಿ ಮುಂದೆ ಹೋಗುವಂತಿಲ್ಲ. ಕಂಬಿ ನಿಂತರೆ ಎಲ್ಲರೂ ನಿಲ್ಲಬೇಕು.

“ದಾರಿ ದೊಡ್ಡಾಕಿ ಆರಿಸಲಿ. ಕಂಬಿ ಸಣ್ಣಾಕಿ ಹಿಡೀಲಿ. ನೀರು ಹುಡುಗನ ಹೆಗಲಿಗೆ ಹಾಕ್ರಿ,” ಎಂದರು ಅತ್ತೆ.

“ಬುತ್ತಿ ಯಾರು ಹೊರೋರು?” ಎಂದೆ. ಅದು ನನ್ನ ಚಿಂತೆ. ನಮ್ಮ ಕಡೆಯವರು ಗುಡ್ಡ ಹತ್ತಲು ಹೋದರೂ ಮದುವೆಗೆ ಹೊರಟಂತೆ ಬುತ್ತಿ ಕಟ್ಟುತ್ತಾರೆ. ಕಟಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು, ಮೇಲೆ ಸಿಹಿಗೆಂದು ಒಂದು ಡಬ್ಬಿ ಮಾದಲಿ. ಅರ್ಧ ಗುಡ್ಡ ಹತ್ತುವಷ್ಟರಲ್ಲಿ ಎಲ್ಲರೂ ಹೈರಾಣ.

“ಬುತ್ತಿ ಯಾವಾಗಲೂ ಮುಂದ ಹೋಗಿರಬೇಕು. ನಾ ಟಂಟಂ ಹತ್ತಿ ಮಹಾಕೂಟಕ್ಕ ಒಯ್ತೇನಿ. ಹಸಿವಾದ್ರ ಕಾಲು ತಾವ ನಡೀತಾವ,” ಎಂದರು ಅತ್ತೆ.

ಭಾನುವಾರ ಬಿಸಿಲೇರುವ ಮುಂಚೆ ಬಾದಾಮಿಯಲ್ಲಿದ್ದೆವು. ಅತ್ತೆ ಒಂದು ಕೋಲಿಗೆ ಹಳೆಯ ಖಣದ ತುಂಡು ಕಟ್ಟಿ ಚಿನ್ನಿಯ ಕೈಗಿಟ್ಟರು. “ಇದು ಆಟದ ಕಂಬಿ. ಮಲ್ಲಯ್ಯ ಏನೂ ಅನ್ನಂಗಿಲ್ಲ,” ಎಂದು ನಮಗೂ ಧೈರ್ಯ ಹೇಳಿ ಟಂಟಂ ಏರಿದರು.

ಆಮೇಲೆ ನಡೆದದ್ದನ್ನು ನೀವು ನಂಬಬೇಕು. ನಮ್ಮ ಓಣಿಯ ಅಂಗಡಿಗೆ ಹೋಗಲೂ “ಎತಗೋ” ಎನ್ನುವ ಚಿನ್ನಿ, ಕೋಲು ಹಿಡಿದು ಎಲ್ಲರ ಮುಂದೆ ನಡೆದಳು. ಏರು ಬಂದಾಗ ಕೈ ಊರಿ ಹತ್ತಿದಳು. ಅವರಪ್ಪ ಎತ್ತಿಕೊಳ್ಳಲು ಬಗ್ಗಿದರೆ ಪಜ್ಜು ಅಡ್ಡ ನಿಂತ. “ಪಪ್ಪಾ, ಕಂಬಿ ಹಿಡಿದಾಕಿನ್ನ ಎತ್ತಿಕೊಳ್ಳಾಕ ಬರಂಗಿಲ್ಲ.” ನೀರು ಹಂಚುವುದರಲ್ಲೂ ಅವನದು ಅದೇ ದರ್ಬಾರು. ನಮಗೆಲ್ಲ ಗುಟುಕು, ತನಗೆ ಮಾತ್ರ ಗಟಗಟ.

ಗುಡ್ಡದ ನೆತ್ತಿಯ ಮೇಲೆ ಚಿನ್ನಿ ಕೂತೇಬಿಟ್ಟಳು. ಇರುವೆ ಸಾಲು ಕಂಡಿತ್ತು. ಕಂಬಿ ನಿಂತಿತು, ನಾವೂ ನಿಂತೆವು. ಈಗ ಸಹನಾ ಸಿಡುಕುತ್ತಾಳೆ, ಮುಗಿಯಿತು ಎಂದುಕೊಂಡೆ. ತಿರುಗಿ ನೋಡಿದರೆ ಅವಳು ಪಕ್ಕದ ಬಂಡೆಯ ಮೇಲಿದ್ದಳು. ಹಣೆಗೆ ಕೈ ಅಡ್ಡ ಹಿಡಿದು ಮುಂದಿನ ದಾರಿ ನೋಡುತ್ತಿದ್ದಳು.

ಮುಂದೆ ದಾರಿ ಎರಡಾಗಿತ್ತು. ಇವರು ಮೊಬೈಲನ್ನು ಆಕಾಶಕ್ಕೆ ಹಿಡಿದರು. ನೆಟ್‌ವರ್ಕ್ ಇರಲಿಲ್ಲ. “ಈ ಕಡೆ ಅಗಲ ಐತಿ. ಹಿಂಗ ಹೋಗೂಣು,” ಎಂದರು.

“ಅದು ಆಡಿನ ದಾರಿ ಪಪ್ಪಾ. ಬರೇ ಹಿಕ್ಕಿ ಬಿದ್ದಾವ. ಮುಂದ ಮುಳ್ಳಕಂಟ್ಯಾಗ ಹೋಗಿ ನಿಲ್ತೈತಿ, ಮ್ಯಾಲಿಂದ ಕಾಣಾಕತ್ತೈತಿ,” ಎಂದಳು ಸಹನಾ. “ಇಲ್ಲಿ ನೋಡ್ರಿ, ಹಾಸಗಲ್ಲು ಅದಾವ. ಮಂದಿ ನಡದ ನಡದ ನುಣ್ಣಗಾಗ್ಯಾವ.”

ಇವರು ನನ್ನ ಮುಖ ನೋಡಿದರು. ನಾನು ಮಗಳ ಮುಖ ನೋಡಿದೆ. ದಾರಿ ಆರಿಸುವವಳು ಅವಳು ಎಂದು ಮನೆಯಲ್ಲೇ ತೀರ್ಮಾನವಾಗಿತ್ತಲ್ಲ? ಹಾಸುಗಲ್ಲಿನ ದಾರಿ ಹಿಡಿದೆವು. ಸ್ವಲ್ಪ ಹೊತ್ತಿಗೆ ಕೆಳಗೆ ಮರಗಳ ನಡುವೆ ಮಹಾಕೂಟದ ಗುಡಿ ಶಿಖರಗಳು ಕಂಡವು. ಸಹನಾಳ ಗದ್ದ ಮೇಲೆದ್ದಿತ್ತು. ಹೆಮ್ಮೆಯಿಂದ ನನಗೆ ಕಣ್ಣು ತುಂಬಿ ಬಂತು, ಬಿಸಿಲಿಗೆ ಎಂದು ಸೆರಗಿನಿಂದ ಒರೆಸಿಕೊಂಡೆ.

ಅಲ್ಲಿ ನನಗೆ ಹೊಳೆದದ್ದು ಇಷ್ಟು. ಚಿನ್ನಿ ಕೂರದಿದ್ದರೆ ಸಹನಾ ಬಂಡೆ ಹತ್ತುತ್ತಿರಲಿಲ್ಲ. ಹತ್ತದಿದ್ದರೆ ಆಡಿನ ಹಿಂದೆ ನಾವೂ ಕಂಟಿಗೆ ನುಗ್ಗುತ್ತಿದ್ದೆವು. ಮಕ್ಕಳ ವಯಸ್ಸಿಗೆ ತಕ್ಕ ದಾರಿ ಹುಡುಕಿ ಹುಡುಕಿ ನಾವು ಸುಸ್ತಾಗುತ್ತೇವೆ. ಹುಡುಕಬೇಕಾದದ್ದು ವಯಸ್ಸಿಗೆ ತಕ್ಕ ಕೆಲಸ. ಅದು ಸಿಕ್ಕರೆ ನಾಲ್ಕರ ಕೂಸೂ ಗುಡ್ಡ ದಾಟುತ್ತದೆ. (ಹೌದು, ಇಳಿಯುವಾಗ ಒಮ್ಮೆ ಅತ್ತಳು. ಕಾಲು ನೋವಿಗಲ್ಲ, ಕೋಲು ಪಜ್ಜು ಮುಟ್ಟಿದನೆಂದು.)

ಪುಷ್ಕರಣಿಯ ಬಳಿ ಅತ್ತೆ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. “ಬಂತೇನ ಕಂಬಿ?” ಎಂದರು.

“ನಾ ಎಲ್ಲಾರಕಿಂತ ಮುಂದ ಬಂದೆ, ಆಯಿ,” ಎಂದಳು ಚಿನ್ನಿ. ಆ ಮುಖದ ಠೀವಿಯನ್ನು ನೀವು ನೋಡಬೇಕಿತ್ತು.

ರೊಟ್ಟಿ ಖಾಲಿ, ಮಾದಲಿ ಡಬ್ಬಿ ಬಳಿದು ಖಾಲಿ. ಅತ್ತೆ ದೇವರಿಗೆಂದು ಗುಡಿಯೊಳಗೆ ಹೋದರು. ಇವರು ಚಿನ್ನಿಯನ್ನು ಹಿಡಿದುಕೊಂಡು ನೀರಿಗಿಳಿದರು, ಪಜ್ಜು ಹಿಂದೆಯೇ ಧುಮುಕಿದ. ಸಹನಾ ಎಲ್ಲರಿಗಿಂತ ಆಚೆ ಈಜುತ್ತಿದ್ದಳು. ಅಲ್ಲಿಂದಲೇ ಕೂಗಿದಳು.

“ಮಮ್ಮಿ, ಮುಂದಿನ ಸಲ ಸಿಡಿಲಫಡಿ ಗವಿಗೆ ಹೋಗೂಣು. ಅಲ್ಲಿ ದಾರೀನೂ ನಾನ ಹುಡಕ್ತೇನಿ.”

ಮುಂದಿನ ಸಲ! ರಾಜೀನಾಮೆ ವಾಪಸಾಗಿತ್ತು. ಆ ಖುಷಿಯಲ್ಲಿ ನಾನೂ ಕಾಲು ಇಳಿಬಿಡಲು ಎದ್ದೆ. ಪಕ್ಕದಲ್ಲಿ ಕಂಡದ್ದು ಆರು ಜನರ ಚಪ್ಪಲಿ, ಬ್ಯಾಗು, ಮೊಬೈಲು, ಖಣ ಕಟ್ಟಿದ ಕೋಲು. ಮರದ ಮೇಲೆ ಮಂಗಗಳು. ಮತ್ತೆ ಕೂತೆ.

ಹುದ್ದೆ ಖಾಲಿ ಉಳಿಯುವುದಿಲ್ಲ ನೋಡಿ. ನಿಮ್ಮ ಮನೆಯಲ್ಲಿ ಚಪ್ಪಲಿ ಕಾಯುವವರು ಯಾರು?