ಆಲ್ಬಮ್‌ನಲ್ಲಿ ಉಳಿದ ‘ಭೇಷ್’

“ಭೇಷ್!” ಎಂಬ ಕೂಗು ಕೇಳಿದಾಗ ನಾನು ವೇದಿಕೆಯ ಮೇಲೆ ಎಂದಿನಂತೆ ಕಣ್ಣು ಮುಚ್ಚಿಕೊಂಡು ಸ್ಯಾಕ್ಸೋಫೋನ್ ಊದುತ್ತಿದ್ದೆ. ತೆಲುಗು ನಾಡಿನ ಲಿಂಗಂಪಲ್ಲಿಯ ಸಣ್ಣ ಸಭಾಂಗಣವೊಂದರಲ್ಲಿ ಭಾನುವಾರ ಮಧ್ಯಾಹ್ನ ನಮ್ಮ ಜಾಝ್ ತಂಡದ ಮೊದಲ ಲೈವ್ ಆಲ್ಬಮ್ ರೆಕಾರ್ಡ್ ಆಗುತ್ತಿತ್ತು. ನಾವು ಐವರೂ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವವರು. ರಜೆಯ ದಿನಗಳಲ್ಲೇ ತಾಲೀಮು. ನುಡಿಸುವಾಗ ಯಾರೂ ಸದ್ದು ಮಾಡಬಾರದೆಂದು ರೆಕಾರ್ಡಿಂಗ್ ಎಂಜಿನಿಯರ್ ಮೊದಲೇ ಹೇಳಿದ್ದ.

ಕೂಗಿದವರು ಮೂರನೇ ಸಾಲಿನಲ್ಲಿದ್ದ, ಇಳಕಲ್ ಸೀರೆಯುಟ್ಟ ಒಬ್ಬ ಅಜ್ಜಿ. ಎಂಜಿನಿಯರ್ ನಮ್ಮನ್ನು ನಿಲ್ಲಿಸಿ, ಅವರ ಬಳಿ ಹೋಗಿ, ಹೊರಗೆ ಕೂರಿ ಎಂದು ಹಿಂದಿಯಲ್ಲಿ ಹೇಳಿದ. ಅಜ್ಜಿ ಅಲುಗಲಿಲ್ಲ. ಪಕ್ಕದಲ್ಲಿದ್ದ ಮಗಳು ತೋಳು ಜಗ್ಗಿದಾಗ ಕನ್ನಡದಲ್ಲೇ ಗದರಿದರು: “ಮೂವತ್ತು ವರ್ಷ ಸರ್ಕಾರಿ ಆಫೀಸಿನ್ಯಾಗ ಬಾಯಿ ಮುಚ್ಕೊಂಡು ಕುಂತೀನಿ. ಈ ಹುಡುಗಿ ಇಷ್ಟು ಚೆಂದ ಊದಾಕತ್ತಾಳ, ಇಲ್ಲೂ ಸುಮ್ಮನ ಕೂಡ್ಲೇನು? ನಾ ಏಳಂಗಿಲ್ಲ!”

ಮೈಸೂರಿನವಳಾದ ನನಗೆ ಆ ಮಾತು ಎದೆಗೇ ತಾಕಿತು. ಮೈಕ್ ಹಿಡಿದು, “ಅವರು ಹೊರಗೆ ಹೋದರೆ ನಾನೂ ಹೋಗುತ್ತೇನೆ” ಎಂದೆ. ಡ್ರಮ್ಸ್ ನುಡಿಸುವವನು ಕೋಲು ಕೆಳಗಿಟ್ಟ. ಎಂಜಿನಿಯರ್ ಗೊಣಗುತ್ತಾ ತನ್ನ ಜಾಗಕ್ಕೆ ವಾಪಸಾದ. ನಾವು ಮೊದಲಿನಿಂದ ನುಡಿಸಿದೆವು. ಅಜ್ಜಿ ಮತ್ತೆ ಕೂಗಿದರು. ಈ ಸಲ ಇಡೀ ಸಾಲೇ ದನಿಗೂಡಿಸಿತು.

ಆ ದನಿಗಳನ್ನು ಅಳಿಸೋಣವೆಂದು ಆಮೇಲೆ ಎಂಜಿನಿಯರ್ ಹೇಳಿದಾಗ ನಾವು ಒಪ್ಪಲಿಲ್ಲ. ಸಿ.ಡಿ. ಹಾಗೆಯೇ ಹೊರಬಂತು. ಇದೇನು ಗದ್ದಲ ಎಂದು ಕೆಲವರು ಮೂಗು ಮುರಿದರು. ಮುರಿಯಲಿ. ಅಂದಿನಿಂದ ನಾನು ಕಣ್ಣು ಮುಚ್ಚಿಕೊಂಡು ನುಡಿಸುವುದನ್ನು ಬಿಟ್ಟಿದ್ದೇನೆ. ಎದುರಿಗೆ ಕೂತವರ ಮುಖ ನೋಡುತ್ತಲೇ ಊದುತ್ತೇನೆ.